ಟೊಳ್ಳು ಯಾರು, ಗಟ್ಟಿ ಯಾರು: ಫುಟ್‌ಬಾಲ್ ಪ್ರೇಮಿ ಕೈಲಾಸಂ

ನಮ್ಮ ಕ್ಯಾಂಪಸ್ಸಿನಲ್ಲಿ ಸಂಜೆ ಐದಾದ್ರೆ ಲ್ಯಾಬ್ ರೆಕಾರ್ಡುಗಳು ಬ್ಯಾಗ್ ಒಳಗೆ ಹೋಗ್ತವೆ, ಬೂಟುಗಳು ಹೊರಗೆ ಬರ್ತವೆ. ನಮ್ಮದು ಚಿಕ್ಕ ಊರು. ಒಂದು ಬಸ್ ಸ್ಟ್ಯಾಂಡು, ಎರಡು ಹೋಟ್ಲು, ವಾರಕ್ಕೊಂದು ಸಂತೆ. ಹಾಗಾಗಿ ನಮಗೆ ಫುಟ್‌ಬಾಲೇ ಸಿನಿಮಾ, ಫುಟ್‌ಬಾಲೇ ಜಾತ್ರೆ. ಮೆಕ್ಯಾನಿಕಲ್‌ಗೂ ಸಿವಿಲ್‌ಗೂ ಮ್ಯಾಚ್ ಇದ್ದ ದಿನ ಗೇಟಿನ ಟೀ ಅಂಗಡಿಯವರೂ ಸ್ಟೌ ಆರಿಸಿ ಗ್ರೌಂಡಿಗೆ ಬಂದು ನಿಲ್ತಾರೆ. ಇದನ್ನು ಓದ್ತಿರೋ ನಿಮಗೂ ಇದೆಲ್ಲ ಗೊತ್ತಿರೋದೇ.

ನಮ್ಮ ಟೀಮಿನಲ್ಲಿ ಒಬ್ಬ ಗೆಳೆಯ ಇದ್ದಾನೆ. ಹೆಸರು ಬೇಡ. ಅವನ ಕಾಲಿಗೆ ಚೆಂಡು ಸಿಕ್ಕರೆ ಎದುರಾಳಿಗಳು ಹಿಂದೆ ಓಡೋದಷ್ಟೇ ಕೆಲಸ. ಆದರೆ ಅವನಿಗೆ ಮೂರು ಬ್ಯಾಕ್‌ಲಾಗ್. ಹೋದ ಸೆಮಿಸ್ಟರ್ ರಿಸಲ್ಟ್ ಬಂದ ರಾತ್ರಿ ಮನೆಯಿಂದ ಫೋನ್ ಬಂತು. ಇನ್ನು ಬೂಟು ಮುಟ್ಟಿದ್ರೆ ಹಾಸ್ಟೆಲ್ ಬಿಡಿಸಿ ಕರ್ಕೊಂಡು ಹೋಗ್ತೀವಿ ಅಂತ ಅವರಪ್ಪ ಹೇಳಿದ್ರಂತೆ. ಅವನು ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋದ. ತಾನೇ ಕಾಲೇಜು ಬಿಡ್ತೀನಿ ಅಂದ. ಮಾರನೇ ವಾರ ನಮ್ಮ ಎನ್ನೆಸ್ಸೆಸ್ ಕ್ಯಾಂಪು ಹಾರನಹಳ್ಳಿಯಲ್ಲಿತ್ತು. ಕ್ಯಾಂಪ್ ಮುಗಿಸಿ ಹೋಗು ಅಂತ ಹೇಳಿ ಹೇಗೋ ಬಸ್ಸು ಹತ್ತಿಸಿದ್ವಿ.

ಹಾರನಹಳ್ಳಿ ಅರಸೀಕೆರೆಯಿಂದ ಹಾಸನದ ಕಡೆ ಹೋಗೋ ದಾರಿಯಲ್ಲಿದೆ. ಕೋಡಿಮಠದಿಂದಾಗಿ ಹೆಸರು ತುಂಬ ಜನಕ್ಕೆ ಗೊತ್ತು. ಸುತ್ತ ತೆಂಗಿನ ತೋಟ. ಊರೊಳಗೆ ಸುಮಾರು 1235ರ ಎರಡು ಹೊಯ್ಸಳ ದೇವಸ್ಥಾನಗಳಿವೆ, ಲಕ್ಷ್ಮೀನರಸಿಂಹ ಮತ್ತು ಸೋಮೇಶ್ವರ. ಬೆಳಿಗ್ಗೆ ರಸ್ತೆ ಬದಿ ಗಿಡ ನೆಡೋದು, ಮಧ್ಯಾಹ್ನ ಸರ್ವೆ, ಸಂಜೆ ಊರಿನ ಹುಡುಗರ ಜೊತೆ ಫುಟ್‌ಬಾಲ್. ಕೊನೇ ರಾತ್ರಿ ಊರಿನವರ ಮುಂದೆ ನಾಟಕ ಆಡಬೇಕು ಅನ್ನೋದು ಪದ್ಧತಿ. ನಮ್ಮ ಕನ್ನಡ ಸಂಘದಿಂದ ಆರಿಸಿದ್ದು ಟಿ.ಪಿ. ಕೈಲಾಸಂ ಅವರ ಟೊಳ್ಳುಗಟ್ಟಿ.

ನಿಜ ಹೇಳಬೇಕು ಅಂದ್ರೆ ಆರಿಸಿದ ಕಾರಣ ಅಷ್ಟು ದೊಡ್ಡದಲ್ಲ. ನಮ್ಮಲ್ಲಿ ಅರ್ಧ ಜನ ಇಂಗ್ಲಿಷ್ ಮೀಡಿಯಮ್ಮು. ಕನ್ನಡ ಪುಟ ನೋಡಿದ್ರೆ ಕಣ್ಣು ನಿಧಾನ. ಕೈಲಾಸಂ ನಾಟಕದಲ್ಲಿ ಮಾತೆಲ್ಲ ಬಾಯಲ್ಲಿ ಆಡೋ ಹಾಗೇ ಇರುತ್ತೆ, ಮಧ್ಯೆ ಇಂಗ್ಲಿಷೂ ಇರುತ್ತೆ, ಸುಲಭ ಅಂತ ಯಾರೋ ಸೀನಿಯರ್ ಹೇಳಿದ್ರು. ಓದೋಕೆ ಕೂತರೆ ಸುಲಭ ಇರಲಿಲ್ಲ. ಪದಗಳು ಒಂದಕ್ಕೊಂದು ಅಂಟಿಕೊಂಡು ಕಣ್ಣಿಗೆ ಸಿಗ್ತಾನೇ ಇರಲಿಲ್ಲ. ಜೋರಾಗಿ ಓದಿದ ಮೇಲೆ ಕಿವಿಗೆ ಸಿಕ್ತು. ನಮ್ಮ ಅಜ್ಜಿ, ಚಿಕ್ಕಪ್ಪ ಮಾತಾಡೋ ಹಾಗೇ ಇದೆಯಲ್ಲ ಅನ್ನಿಸ್ತು. ಆಮೇಲೆ ಈ ಮನುಷ್ಯ ಯಾರು ಅಂತ ಹುಡುಕೋಕೆ ಶುರು ಮಾಡಿದ್ವಿ.

ಕೈಲಾಸಂ ಹುಟ್ಟಿದ್ದು 1884ರ ಜುಲೈ 29ರಂದು, ಮೈಸೂರಿನಲ್ಲಿ. ಪೂರ್ತಿ ಹೆಸರು ತ್ಯಾಗರಾಜ ಪರಮಶಿವ ಕೈಲಾಸಂ. ಮನೆಮಾತು ತಮಿಳು. ತಂದೆ ಪರಮಶಿವ ಅಯ್ಯರ್ ಮೈಸೂರು ಸಂಸ್ಥಾನದಲ್ಲಿ ನ್ಯಾಯಾಧೀಶರು, ತುಂಬ ಓದಿದವರು. ದೊಡ್ಡ ಮನೆ, ದೊಡ್ಡ ಹೆಸರು, ಮಗನ ಮೇಲೆ ಅಷ್ಟೇ ದೊಡ್ಡ ನಿರೀಕ್ಷೆ. ಇಲ್ಲಿಯವರೆಗೆ ನಮ್ಮ ಎಷ್ಟೋ ಜನರ ಮನೆ ಕಥೆಯೇ.

ಕೈಲಾಸಂ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಸೇರಿದರು. ಓದಿದ್ದು ಭೂಗರ್ಭಶಾಸ್ತ್ರ, ಅಂದ್ರೆ ನಮ್ಮ ಸಿವಿಲ್ ಬ್ರ್ಯಾಂಚಿನವರು ಒಂದು ಪೇಪರಾಗಿ ಓದಿ ಮರೆತುಬಿಡೋ ಜಿಯಾಲಜಿ. ಅವರು ಮರೆಯಲಿಲ್ಲ. ಚೆನ್ನಾಗಿ ಓದಿ, 1908ರಲ್ಲಿ ವಿದ್ಯಾರ್ಥಿವೇತನದ ಮೇಲೆ ಅದೇ ವಿಷಯ ಕಲಿಯೋಕೆ ಲಂಡನ್ನಿಗೆ ಹೋದರು. ಸುಮಾರು ಆರೇಳು ವರ್ಷ ಅಲ್ಲಿದ್ದರು.

ಕೈಲಾಸಂಗೆ ಫುಟ್‌ಬಾಲ್ ಅಂದ್ರೆ ಪ್ರಾಣ. ಆಡಿದವರು, ನೋಡಿದವರು, ಅದರ ಬಗ್ಗೆ ಗಂಟೆಗಟ್ಟಲೆ ಮಾತಾಡಿದವರು. ವ್ಯಾಯಾಮದ ಹುಚ್ಚೂ ಇತ್ತು. ಆ ಕಾಲದ ಜಗತ್‌ಪ್ರಸಿದ್ಧ ದೇಹದಾರ್ಢ್ಯ ಪಟು ಯೂಜೀನ್ ಸ್ಯಾಂಡೋ ಲಂಡನ್ನಿನಲ್ಲೇ ವ್ಯಾಯಾಮಶಾಲೆ ನಡೆಸ್ತಿದ್ದ. ಅಲ್ಲಿಯ ಪದ್ಧತಿಯನ್ನೂ ಕೈಲಾಸಂ ಕಲಿತರು. ಕ್ಲಾಸು ಮುಗಿದ ಮೇಲೆ ಇನ್ನೊಂದು ಸೆಳೆತ ಲಂಡನ್ನಿನ ನಾಟಕಶಾಲೆಗಳದ್ದು. ಅಲ್ಲಿ ಅವರು ನೋಡಿದ್ದು ರಾಜ ರಾಣಿಯರನ್ನಷ್ಟೇ ಅಲ್ಲ. ಸಾಮಾನ್ಯ ಮನೆಯ ಗಂಡ ಹೆಂಡತಿ, ಸಾಲ, ಮದುವೆ, ಜಗಳ ಕೂಡ ರಂಗದ ಮೇಲೆ ಬರಬಹುದು ಅನ್ನೋದನ್ನು ನೋಡಿದರು. ಕಾಲೇಜು ಅವರಿಗೆ ಕಲ್ಲಿನ ಪದರ ಓದೋದು ಕಲಿಸ್ತು, ಸಂಜೆಗಳು ಮನುಷ್ಯರನ್ನು ಓದೋದು ಕಲಿಸಿದವು.

ಹುಡುಕುವಾಗ ನಮಗೆ ಒಂದು ದಿನಾಂಕ ಸಿಕ್ತು. 1911ರ ಜುಲೈ 29. ಕಲ್ಕತ್ತಾದಲ್ಲಿ ಮೋಹನ್ ಬಗಾನ್ ತಂಡ ಬ್ರಿಟಿಷ್ ಸೈನಿಕರ ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟನ್ನು 2–1ರಿಂದ ಸೋಲಿಸಿ ಐಎಫ್‌ಎ ಶೀಲ್ಡ್ ಗೆದ್ದ ದಿನ. ನಮ್ಮ ಕಡೆಯವರು ಹೆಚ್ಚಿನವರು ಬರಿಗಾಲಲ್ಲಿ ಆಡಿದ್ದರು. ಅವತ್ತು ಕೈಲಾಸಂ ಲಂಡನ್ನಿನಲ್ಲಿ ವಿದ್ಯಾರ್ಥಿ, ಅವತ್ತೇ ಅವರ ಹುಟ್ಟಿದ ದಿನ. ಇದು ಬರೀ ಕಾಕತಾಳೀಯ ಅಂತ ಗೊತ್ತು. ಆದರೂ ಕ್ಯಾಂಪಿನ ಶಾಲೆ ಕೋಣೆಯಲ್ಲಿ ಇದನ್ನು ಓದಿದಾಗ ನಮ್ಮ ಗೆಳೆಯ ಎದ್ದು ಕೂತ. ಮೂರು ದಿನದಲ್ಲಿ ಅವನು ಏನನ್ನಾದರೂ ಕೇಳಿಸಿಕೊಂಡಿದ್ದು ಅದೇ ಮೊದಲು.

ಅವನ ಲೆಕ್ಕ ನಮಗೆ ಅರ್ಥ ಆಯ್ತು. ಫುಟ್‌ಬಾಲ್ ಹುಚ್ಚಿನ ವಿದ್ಯಾರ್ಥಿ, ಕೊನೆಗೆ ದೊಡ್ಡ ಮನುಷ್ಯ, ಹಾಗಾದ್ರೆ ಓದು ಯಾಕೆ ಅಂತ. ಆದರೆ ಕೈಲಾಸಂ ಜೀವನ ಆ ಲೆಕ್ಕಕ್ಕೆ ಸಿಗೋದಿಲ್ಲ. ಅವರು ಪರೀಕ್ಷೆಯಲ್ಲಿ ಬಿದ್ದವರಲ್ಲ. ಓದಿ ಗೆದ್ದವರು. 1915ರಲ್ಲಿ ವಾಪಸ್ ಬಂದು ಮೈಸೂರು ಸರ್ಕಾರದ ಭೂಗರ್ಭ ಇಲಾಖೆಯಲ್ಲಿ ಕೆಲಸಕ್ಕೆ ಸೇರಿದರು. ಸುಮಾರು ಐದು ವರ್ಷ ಮಾಡಿ ಬಿಟ್ಟರು. ಕೆಲಸ ಬರದೆ ಬಿಟ್ಟಿದ್ದಲ್ಲ, ಫೈಲು ಮತ್ತು ಮೇಲಧಿಕಾರಿಗಳ ಜಗತ್ತು ಅವರಿಗೆ ಒಗ್ಗಲಿಲ್ಲ.

ಟೊಳ್ಳುಗಟ್ಟಿ ಬಂದಿದ್ದು ಆ ನೌಕರಿಯ ದಿನಗಳಲ್ಲೇ, 1918ರ ಹೊತ್ತಿಗೆ. ಅದಕ್ಕೆ ಇನ್ನೊಂದು ಹೆಸರೂ ಇದೆ, ಮಕ್ಕಳ್ ಸ್ಕೂಲ್ ಮನೇಲಲ್ವೇ. ಒಂದು ಮನೆ, ಇಬ್ಬರು ಗಂಡುಮಕ್ಕಳು. ಒಬ್ಬ ಪುಟ್ಟು, ಪುಸ್ತಕದ ಹುಳ, ಪರೀಕ್ಷೆಯಲ್ಲಿ ಮುಂದು, ಅಪ್ಪನಿಗೆ ಹೆಮ್ಮೆ. ಇನ್ನೊಬ್ಬ ಮಾಧು, ಓದಿನಲ್ಲಿ ಹಿಂದೆ, ಆದರೆ ಮನೆಯವರ ಕಷ್ಟಕ್ಕೆ ಕೈ ಕೊಡೋನು. ಮನೆಗೆ ತೊಂದರೆ ಬಂದಾಗ ಯಾರು ಟೊಳ್ಳು, ಯಾರು ಗಟ್ಟಿ ಅನ್ನೋದು ಗೊತ್ತಾಗುತ್ತೆ. ನೂರು ವರ್ಷ ದಾಟಿದ ನಾಟಕ, ಆದರೆ ರ‍್ಯಾಂಕು, ಮಾರ್ಕ್ಸ್ ಕಾರ್ಡು, ಪಕ್ಕದ ಮನೆ ಹುಡುಗನ ಹೋಲಿಕೆ ಎಲ್ಲಾ ಇವತ್ತಿನದೇ.

ಆಗಿನ ಕಾಲಕ್ಕೆ ಇದು ಎಷ್ಟು ಹೊಸದು ಅನ್ನೋದು ನಮಗೆ ತಕ್ಷಣ ಹೊಳೆಯಲಿಲ್ಲ. ಆಗ ಕನ್ನಡ ನಾಟಕ ಅಂದ್ರೆ ಹೆಚ್ಚಾಗಿ ಕಂಪನಿ ನಾಟಕ. ಪುರಾಣದ ಕಥೆ, ಝಗಮಗ ಉಡುಪು, ಮಾತಿಗಿಂತ ಹೆಚ್ಚು ಹಾಡು. ಅಂಥ ಕಾಲದಲ್ಲಿ ಕೈಲಾಸಂ ಬೆಂಗಳೂರು, ಮೈಸೂರಿನ ಮಧ್ಯಮವರ್ಗದ ನಡುಮನೆಯನ್ನೇ ರಂಗಕ್ಕೆ ತಂದರು. ಪಾತ್ರಗಳು ಗ್ರಂಥದ ಭಾಷೆ ಬಿಟ್ಟು, ಅರ್ಧ ಇಂಗ್ಲಿಷ್ ಬೆರೆಸಿ ಮನೆಮಾತು ಆಡಿದವು. ಬಂಡ್ವಾಳ್ವಿಲ್ಲದ ಬಡಾಯಿ, ಹೋಂರೂಲು, ತಾಳಿ ಕಟ್ಟೋಕ್ಕೂಲೀನೇ, ಹೆಸರುಗಳೇ ಮಾತಾಡ್ತವೆ. ಪೋಲಿಕಿಟ್ಟಿಯಲ್ಲಿ ಪೋಲಿ ಅನ್ನಿಸಿಕೊಂಡ ಹುಡುಗನ ಒಳ್ಳೇತನ ಇದೆ. ಜನ ನಕ್ಕರು. ನಗ್ತಾ ನಗ್ತಾ ವರದಕ್ಷಿಣೆ, ಬೂಟಾಟಿಕೆ, ಹೆಣ್ಣುಮಕ್ಕಳ ಕಷ್ಟ ಎಲ್ಲವನ್ನೂ ಕೇಳಿಸಿಕೊಳ್ಳಬೇಕಾಯ್ತು.

ಲಂಡನ್ನಿನಿಂದ ಹಾಡಿನ ಧಾಟಿಗಳನ್ನೂ ಹೊತ್ತು ತಂದಿದ್ದರು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸಿಪಾಯಿಗಳ ಬಾಯಲ್ಲಿದ್ದ ಟಿಪ್ಪರರಿ ಹಾಡು ಅವರ ಕೈಯಲ್ಲಿ ತಿಪ್ಪಾರಹಳ್ಳಿ ಆಯ್ತು. ಕೋಳೀಕೆ ರಂಗ ಇವತ್ತಿಗೂ ಎಷ್ಟೋ ಜನಕ್ಕೆ ಬಾಯಿಪಾಠ. ಕ್ಯಾಂಪಿನ ಬಸ್ಸಿನಲ್ಲಿ ನಾವೂ ಹಾಡಿದ್ವಿ, ಶ್ರುತಿ ಬಗ್ಗೆ ಮಾತ್ರ ಕೇಳಬೇಡಿ.

ಇನ್ನೊಂದು ವಿಷಯ ನಮ್ಮನ್ನು ಯೋಚನೆಗೆ ಹಚ್ಚಿತು. ನಗಿಸೋಕೆ ಕನ್ನಡ ಬಳಸಿದ ಕೈಲಾಸಂ, ಕರ್ಣ, ಏಕಲವ್ಯ, ಕೀಚಕರ ದುಃಖದ ನಾಟಕಗಳನ್ನು ಬರೆದಿದ್ದು ಇಂಗ್ಲಿಷಿನಲ್ಲಿ. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ಕಾಲೇಜಿನಲ್ಲಿ ಇಂಗ್ಲಿಷ್. ಮೂರರಲ್ಲಿ ಯಾವುದನ್ನೂ ಅವರು ಬಿಟ್ಟುಕೊಡಲಿಲ್ಲ. ನಮ್ಮ ಕನ್ನಡ ಕಲಬೆರಕೆ ಅಂತ ನಾಚಿಕೊಳ್ಳೋ ನಮ್ಮಂಥವರಿಗೆ ಇದರಿಂದ ಸ್ವಲ್ಪ ಧೈರ್ಯ ಬಂತು. ಆದರೆ ಒಂದು ವ್ಯತ್ಯಾಸ ಇದೆ. ಅವರು ಬೇಕು ಅಂತ ಬೆರೆಸಿದರು, ನಾವು ಪದ ಸಿಗದೆ ಬೆರೆಸ್ತೀವಿ.

ಕೆಲಸ ಬಿಟ್ಟ ಮೇಲಿನ ಜೀವನ ಹೂವಿನ ಹಾಸಿಗೆ ಆಗಿರಲಿಲ್ಲ. ನಿಶ್ಚಿತ ವರಮಾನ ಇಲ್ಲ. ಸಿಗರೇಟು, ಕುಡಿತ ಜೊತೆಗೇ ಇದ್ದವು. ಅಪ್ಪ ಮಗನ ನಡುವೆ ಅಂತರ ಬೆಳೀತು. ನಾಟಕಗಳು ತಲೆಯಲ್ಲೇ ಇರ್ತಿದ್ದವು. ಎಲ್ಲಾ ಪಾತ್ರಗಳನ್ನೂ ತಾವೇ ಆಗಿ ಗೆಳೆಯರ ಮುಂದೆ ಒಂದೇ ಉಸಿರಿಗೆ ಹೇಳಿಬಿಡ್ತಿದ್ದರು. ಕೂತು ಬರೆಯೋದು ಮಾತ್ರ ಅವರಿಂದ ಆಗ್ತಿರಲಿಲ್ಲ. ಅವರು ಹೇಳ್ತಾ ಹೋದಾಗ ಗೆಳೆಯರು, ಶಿಷ್ಯರು ಬರೆದುಕೊಂಡರು. ಇವತ್ತು ನಾವು ಓದೋ ಎಷ್ಟೋ ನಾಟಕ ಉಳಿದಿದ್ದು ಹಾಗೆ. ಬರೆದುಕೊಳ್ಳುವವರು ಇಲ್ಲದ ದಿನ ಹೇಳಿದ್ದೆಲ್ಲ ಗಾಳಿಗೆ ಹೋಯ್ತು. ಎಕ್ಸಾಮ್ ಹಿಂದಿನ ರಾತ್ರಿ ಒಬ್ಬರ ನೋಟ್ಸಿನಿಂದ ಹತ್ತು ಜನ ಪಾಸಾಗೋ ನಮಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ.

ಜನ ಕನ್ನಡಕ್ಕೊಬ್ಬನೇ ಕೈಲಾಸಂ ಅಂತ ಕರೆದರು. 1945ರಲ್ಲಿ, ತಾವು ವಿದ್ಯಾರ್ಥಿಯಾಗಿದ್ದ ಅದೇ ಮದರಾಸಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಮರುವರ್ಷ, 1946ರಲ್ಲಿ, ಬೆಂಗಳೂರಿನಲ್ಲಿ ತೀರಿಕೊಂಡರು. ಅವರು ಬದುಕಿರುವಾಗಲೇ, 1937ರಲ್ಲಿ, ಬೆಂಗಳೂರು ಮುಸ್ಲಿಮ್ಸ್ ತಂಡ ಬೊಂಬಾಯಿಯ ರೋವರ್ಸ್ ಕಪ್ ಗೆದ್ದು, ಅದನ್ನು ಗೆದ್ದ ಮೊದಲ ಭಾರತೀಯ ತಂಡ ಆಗಿತ್ತು. ಅವರು ಹೋದ ಎರಡು ವರ್ಷಕ್ಕೆ, 1948ರ ಒಲಿಂಪಿಕ್ಸ್‌ನಲ್ಲಿ, ಅವರು ಓದಿದ ಲಂಡನ್ನಿನಲ್ಲೇ, ಫ್ರಾನ್ಸ್ ವಿರುದ್ಧ ಭಾರತದ ಒಂದೇ ಗೋಲು ಹೊಡೆದಿದ್ದು ಬೆಂಗಳೂರಿನ ಆಟಗಾರ ಎಸ್. ರಾಮನ್. ಅದನ್ನು ನೋಡೋಕೆ ಕೈಲಾಸಂ ಇರಬೇಕಿತ್ತು.

ಕೊನೇ ದಿನ ಮಧ್ಯಾಹ್ನ ಸೋಮೇಶ್ವರ ದೇವಸ್ಥಾನದ ನೆರಳಲ್ಲಿ ರಿಹರ್ಸಲ್ ಇತ್ತು. ನಮ್ಮ ಸಿವಿಲ್ ಗೆಳತಿ ಗೋಡೆ ಮುಟ್ಟಿ ಇದು ಬಳಪದ ಕಲ್ಲು ಅಂದಳು. ನೆಲದಿಂದ ತೆಗೆದಾಗ ಮೆದು, ಉಳಿಗೆ ಸುಲಭವಾಗಿ ಬಗ್ಗುತ್ತೆ, ಗಾಳಿ ಬಿಸಿಲಿಗೆ ಬಿದ್ದ ಮೇಲೆ ಗಟ್ಟಿ ಆಗುತ್ತಂತೆ. ಅದಕ್ಕೇ ಅಷ್ಟು ಸಣ್ಣ ಕೆತ್ತನೆ ಸಾಧ್ಯ ಆಯ್ತಂತೆ. ಕೈಲಾಸಂ ಓದಿದ್ದೂ ಇದೇ ಶಾಸ್ತ್ರ ಅಲ್ವಾ ಅಂತ ಯಾರೋ ಅಂದರು. ನಮ್ಮ ಗೆಳೆಯ ಏನೂ ಹೇಳಲಿಲ್ಲ, ಕಲ್ಲಿನ ಮೇಲೆ ಕೈ ಇಟ್ಟುಕೊಂಡು ಡೈಲಾಗ್ ಉರು ಹೊಡೀತಾ ಇದ್ದ.

ರಾತ್ರಿ ಶಾಲೆ ಜಗುಲಿಯೇ ಸ್ಟೇಜು. ಮಾಧು ಪಾತ್ರ ಅವನಿಗೆ ಅಂತ ಎಲ್ಲರೂ ಅಂದುಕೊಂಡಿದ್ವಿ. ಅವನು ಪುಟ್ಟು ಕೇಳಿದ. ಮಾಧು ಆಗಿದ್ದು ನಮ್ಮ ಕ್ಲಾಸ್ ಟಾಪರ್. ಅವಳು ಹುಡುಗನ ಪಾತ್ರ ಮಾಡ್ತಾಳೆ ಅಂತ ಊರಿನ ಹೆಂಗಸರು ಮುಂದೆ ಬಂದು ಕೂತರು. ಇವನು ಮಾರ್ಕ್ಸಿನ ಜಂಬ ಎಷ್ಟು ಚೆನ್ನಾಗಿ ಆಡಿದ ಅಂದ್ರೆ, ಸಂಜೆ ಅವನ ಜೊತೆ ಚೆಂಡು ಒದ್ದ ಹುಡುಗರೇ ಬೈದರು. ನಾಟಕ ಮುಗಿದ ಮೇಲೆ ಅವನು ಅಂದಿದ್ದು ಇಷ್ಟು: ಓದೋನೆಲ್ಲ ಟೊಳ್ಳಲ್ಲ, ಓದದೇ ಇರೋನೆಲ್ಲ ಗಟ್ಟಿಯೂ ಅಲ್ಲ, ತಾನು ಇಷ್ಟು ದಿನ ಮಾಧು ಅಂತ ಹೇಳ್ಕೊಂಡು ತಪ್ಪಿಸ್ಕೊಳ್ತಾ ಇದ್ದೆ ಅಂತ. ಅವತ್ತು ಇವರ ಜೋಡಿಯಲ್ಲಿ ಗಟ್ಟಿ ಯಾರು ಅಂತ ನಾವು ಜಗಳ ಆಡಲಿಲ್ಲ. ಟಾಪರ್ ಅವನಿಗೆ ಮ್ಯಾಥ್ಸ್ ಹೇಳಿಕೊಡ್ತೀನಿ ಅಂದಳು. ಅವನು ಮನೆಗೆ ಫೋನ್ ಮಾಡಿದ. ವಾರಕ್ಕೆ ಎರಡು ಸಂಜೆ ಆಟ, ಉಳಿದ ಸಂಜೆ ಓದು ಅಂತ ಒಪ್ಪಂದ ಆಯ್ತು.

ಮೂರೂ ಪೇಪರ್ ಬರೆದಿದ್ದಾನೆ. ರಿಸಲ್ಟ್ ಇನ್ನೂ ಬಂದಿಲ್ಲ. ಜುಲೈ 29ಕ್ಕೆ ನಮ್ಮ ಸಂಘದಲ್ಲಿ ಟೊಳ್ಳುಗಟ್ಟಿಯನ್ನು ಜೋರಾಗಿ ಓದ್ತೀವಿ. ಮ್ಯಾಚ್ ಮುಗಿಸಿ, ಬೂಟಿನ ಮಣ್ಣು ಕೊಡವಿ, ಎಲ್ಲರೂ ಬನ್ನಿ. ಕನ್ನಡ ನಿಧಾನ ಓದೋರಿಗೆ ಮೊದಲ ಸಾಲು.