ಹೃದಯವನ್ನು ಸಿದ್ಧಮಾಡಿಕೊಂಡ ಪಂಡಿತಾ ರಮಾಬಾಯಿಯವರು

ನಮ್ಮ ಕರ್ತನ ಶ್ರಮೆಯನ್ನೂ ಮರಣವನ್ನೂ ಧ್ಯಾನಿಸುವ ಶ್ರಮಕಾಲವು ವರ್ಷಕ್ಕೊಮ್ಮೆ ನಮ್ಮ ಸಭೆಗಳಿಗೆ ಬರುತ್ತದೆ. ಬೂದಿ ಬುಧವಾರದಿಂದ ಪುನರುತ್ಥಾನದ ಹಬ್ಬದ ಹಿಂದಿನ ದಿನದ ವರೆಗೆ, ಭಾನುವಾರಗಳನ್ನು ಬಿಟ್ಟು ಎಣಿಸಿದರೆ, ಈ ದಿನಗಳು 40. ನಮ್ಮಲ್ಲಿ ಕೆಲವರು ಒಂದು ಹೊತ್ತಿನ ಊಟವನ್ನು ಬಿಡುವರು. ಕೆಲವರು ಮಾಂಸವನ್ನು ಮುಟ್ಟರು. ಕೆಲವರು ಶುಕ್ರವಾರದ ಆರಾಧನೆಗೆ ತಪ್ಪದೆ ಬರುವರು. ಇವೆಲ್ಲವೂ ಒಳ್ಳೆಯವೇ. ಆದರೆ ಹೊಟ್ಟೆಯು ಉಪವಾಸವಿದ್ದು ಹೃದಯವು ಮೊದಲಿದ್ದ ಹಾಗೆಯೇ ಇದ್ದರೆ ಪ್ರಯೋಜನವೇನು? ಈ ವಿಷಯವನ್ನು ಯೋಚಿಸುವವರಿಗೆ ಪಂಡಿತಾ ರಮಾಬಾಯಿಯವರ ಚರಿತ್ರೆಯು ಬಹು ಉಪಯುಕ್ತವಾದದ್ದು. ಅವರು ನಮ್ಮ ಕನ್ನಡ ನಾಡಿನಲ್ಲಿ ಹುಟ್ಟಿದವರು. ಶ್ರಮಕಾಲದ ದಿನಗಳಲ್ಲಿಯೇ ಕರ್ತನಲ್ಲಿ ನಿದ್ರೆಹೋದವರು.

ಪಶ್ಚಿಮ ಘಟ್ಟದಲ್ಲಿ ತುಂಗೆ, ಭದ್ರೆ, ನೇತ್ರಾವತಿ ಎಂಬ ನದಿಗಳು ಹುಟ್ಟುವ ಗಂಗಾಮೂಲವೆಂಬ ಸ್ಥಳವುಂಟು. ಅಲ್ಲಿಯ ಕಾಡಿನಲ್ಲಿ 1858ನೆಯ ಇಸವಿ ಏಪ್ರಿಲ್ 23ರಂದು ರಮಾಬಾಯಿಯವರು ಹುಟ್ಟಿದರು. ತಂದೆಯಾದ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳ ಸೀಮೆಯ ಮಾಳವೆಂಬ ಊರಿನ ಬ್ರಾಹ್ಮಣರು, ಸಂಸ್ಕೃತದಲ್ಲಿ ಮಹಾ ಪಂಡಿತರು. ಹೆಂಗಸರಿಗೆ ವಿದ್ಯೆಯು ಸಲ್ಲದೆಂದು ಜನರು ಹೇಳುತ್ತಿದ್ದ ಆ ಕಾಲದಲ್ಲಿ ಅವರು ತಮ್ಮ ಹೆಂಡತಿಯಾದ ಲಕ್ಷ್ಮೀಬಾಯಿಗೆ ಸಂಸ್ಕೃತವನ್ನು ಕಲಿಸಿದರು. ಆ ತಾಯಿಯು ತನ್ನ ಮಗಳಿಗೆ ಕಲಿಸಿದಳು. ಮಗು ಇನ್ನೂ ಕೈಗೂಸಾಗಿದ್ದಾಗ ಮನೆಯವರೆಲ್ಲರೂ ತೀರ್ಥಯಾತ್ರೆಗೆ ಹೊರಟರು. ಕೂಸನ್ನು ಬೆತ್ತದ ಬುಟ್ಟಿಯಲ್ಲಿಟ್ಟು ಹೊತ್ತುಕೊಂಡು ಹೋದರೆಂದು ಹೇಳುವರು. ಅಂದಿನಿಂದ ಊರೂರು ತಿರುಗುತ್ತಾ ಪುರಾಣವನ್ನು ಓದಿ ಹೇಳುವದೇ ಆ ಮನೆಯವರ ಜೀವನವಾಯಿತು. ರಮಾಬಾಯಿಯವರು ಬಾಲ್ಯದಲ್ಲಿಯೇ ಭಾಗವತದ ಸಾವಿರಾರು ಶ್ಲೋಕಗಳನ್ನು ಬಾಯಿಪಾಠ ಮಾಡಿದರು. ಮರಾಠಿಯ ಸಂಗಡ ಕನ್ನಡವನ್ನೂ ಚೆನ್ನಾಗಿ ಮಾತಾಡಬಲ್ಲವರಾದರು.

ಆ ಮನೆಯವರ ಭಕ್ತಿಯಲ್ಲಿ ಕಪಟವಿರಲಿಲ್ಲವೆಂಬದನ್ನು ನಾವು ತಿಳಿದುಕೊಳ್ಳಬೇಕು. ಅವರು ತೀರ್ಥಗಳಲ್ಲಿ ಸ್ನಾನ ಮಾಡಿದರು, ಉಪವಾಸಗಳನ್ನು ಕೈಕೊಂಡರು, ಇದ್ದ ಹಣವನ್ನೆಲ್ಲಾ ದಾನಧರ್ಮಗಳಿಗೆ ಕೊಟ್ಟರು. ನಮ್ಮ ಸೀಮೆಯ ಹಿರಿಯರು ಧಾತು ಈಶ್ವರ ವರ್ಷಗಳ ಬರವೆಂದು ನೆನೆಯುತ್ತಿದ್ದ 1876-78ರ ಮಹಾ ಕ್ಷಾಮಕ್ಕಿಂತ ಸ್ವಲ್ಪ ಮುಂಚೆ ಮದ್ರಾಸು ಪ್ರಾಂತ್ಯದಲ್ಲಿ ಆಹಾರವು ದುರ್ಲಭವಾಯಿತು. ಆಗ ಅವರ ಕೈಯಲ್ಲಿ ಕಾಸೂ ಇರಲಿಲ್ಲ, ಕೂಲಿ ಮಾಡುವ ಅಭ್ಯಾಸವೂ ಇರಲಿಲ್ಲ. ತಿರುಪತಿಯ ಕಡೆಯ ಕಾಡಿನಲ್ಲಿ ಸೊಪ್ಪುಸದೆಯನ್ನು ತಿಂದು ದಿನಗಳನ್ನು ಕಳೆದರು. ತಂದೆಯೂ ತಾಯಿಯೂ ಅಕ್ಕನೂ ಸ್ವಲ್ಪ ಕಾಲದೊಳಗೆ ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ರಮಾಬಾಯಿಯವರೂ ಅವರ ಅಣ್ಣನಾದ ಶ್ರೀನಿವಾಸನೂ ಉಳಿದುಕೊಂಡರು. ಹದಿನಾರು ವರ್ಷದ ಆ ಹುಡುಗಿಯ ಮನಸ್ಸಿನಲ್ಲಿ, ಇಷ್ಟು ಮಾಡಿದರೂ ಶಾಂತಿಯು ಯಾಕೆ ದೊರೆಯಲಿಲ್ಲವೆಂಬ ಪ್ರಶ್ನೆಯು ನೆಲೆಗೊಂಡಿತು.

ಅಣ್ಣತಂಗಿಯರು ಕಾಲುನಡಿಗೆಯಿಂದ ದೇಶವನ್ನೆಲ್ಲಾ ಸಂಚರಿಸಿ 1878ರಲ್ಲಿ ಕಲ್ಕತ್ತೆಗೆ ಬಂದರು. ಅಲ್ಲಿಯ ವಿದ್ವಾಂಸರು ಈ ಯುವತಿಯ ಸಂಸ್ಕೃತ ಜ್ಞಾನಕ್ಕೆ ಬೆರಗಾಗಿ ಪಂಡಿತಾ ಎಂತಲೂ ಸರಸ್ವತೀ ಎಂತಲೂ ಬಿರುದುಗಳನ್ನು ಕೊಟ್ಟರು. 1880ರಲ್ಲಿ ಅಣ್ಣನು ಸತ್ತನು. ಅದೇ ವರ್ಷ ರಮಾಬಾಯಿಯವರು ಜಾತಿಯ ಕಟ್ಟನ್ನು ಮೀರಿ ಬಿಪಿನ್ ಬಿಹಾರಿ ಮೇಧಾವಿ ಎಂಬ ಬಂಗಾಳದ ವಕೀಲರನ್ನು ಮದುವೆಯಾದರು. 1881ರಲ್ಲಿ ಮನೋರಮೆ ಎಂಬ ಮಗಳು ಹುಟ್ಟಿದಳು. 1882ರಲ್ಲಿ ಗಂಡನು ವಾಂತಿಭೇದಿಯಿಂದ ತೀರಿಕೊಂಡನು. ಇಪ್ಪತ್ತಮೂರು ವರ್ಷದ ವಿಧವೆಯಾಗಿ, ಕೂಸನ್ನು ಎತ್ತಿಕೊಂಡು ಅವರು ಪುಣೆಗೆ ಬಂದು ಹೆಂಗಸರ ವಿದ್ಯೆಗೋಸ್ಕರ ಪ್ರಯಾಸಪಟ್ಟರು. ಅಲ್ಲಿಂದ 1883ರಲ್ಲಿ ವೈದ್ಯಶಾಸ್ತ್ರವನ್ನು ಕಲಿಯಬೇಕೆಂದು ಇಂಗ್ಲೆಂಡಿಗೆ ಹೋದರು. ಆದರೆ ಕಿವಿಯು ಮಂದವಾಗುತ್ತಾ ಬಂದದ್ದರಿಂದ ಆ ಆಸೆಯು ನೆರವೇರಲಿಲ್ಲ. ವಾಂಟೇಜ್ ಎಂಬ ಊರಿನ ಕ್ರೈಸ್ತ ಸನ್ಯಾಸಿನಿಯರ ಮಠದಲ್ಲಿ ಅವರು ಇಳಿದುಕೊಂಡಿದ್ದರು. ಜನರು ತಳ್ಳಿಬಿಟ್ಟ ಹೆಂಗಸರನ್ನು ಆ ಸಹೋದರಿಯರು ಪ್ರೀತಿಯಿಂದ ಎತ್ತುವದನ್ನು ಕಂಡು ಅವರ ಮನಸ್ಸು ಕರಗಿತು. ಅದೇ ವರ್ಷ ಸೆಪ್ಟೆಂಬರ್ 29ರಂದು ತಾಯಿ ಮಗಳಿಬ್ಬರೂ ದೀಕ್ಷಾಸ್ನಾನ ಹೊಂದಿದರು.

ಇಲ್ಲಿಗೆ ಕಥೆಯು ಮುಗಿಯಿತೆಂದು ಅನೇಕರು ನೆನಸಬಹುದು. ನಿಜವಾಗಿ ನಾವು ಕಲಿಯತಕ್ಕ ಪಾಠವು ಇಲ್ಲಿಯೇ ಆರಂಭವಾಗುತ್ತದೆ. ರಮಾಬಾಯಿಯವರು ಸತ್ಯವೇದವನ್ನು ಓದುತ್ತಿದ್ದರು, ಸಭೆಯ ಮತಬೋಧೆಯನ್ನು ಒಪ್ಪಿಕೊಂಡಿದ್ದರು, ವಿಧವೆಯರಿಗಾಗಿ ದುಡಿಯುತ್ತಿದ್ದರು. ಅಮೆರಿಕಕ್ಕೆ ಹೋಗಿ ಸಹಾಯವನ್ನು ಕೂಡಿಸಿಕೊಂಡು ಬಂದು 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನವೆಂಬ ಶಾಲೆಯನ್ನು ಸ್ಥಾಪಿಸಿದರು; ಮರುವರ್ಷ ಅದನ್ನು ಪುಣೆಗೆ ತಂದರು. ಆದರೂ ಒಳಗೆ ಸಮಾಧಾನವಿರಲಿಲ್ಲ. ಸ್ನಾನ ಹೊಂದಿ ಎಂಟು ವರ್ಷಗಳಾದ ಮೇಲೆ, 1891ರ ಸುಮಾರಿಗೆ, ವಿಲಿಯಂ ಹ್ಯಾಸ್ಲಂ ಎಂಬ ಬೋಧಕರು ಬರೆದ ಆತ್ಮಚರಿತ್ರೆಯೊಂದು ಅವರ ಕೈಗೆ ಬಂತು. ಬಹು ದಿನ ಬೋಧಕರಾಗಿದ್ದು ಆಮೇಲೆ ಮಾನಸಾಂತರ ಹೊಂದಿದವರು ಅವರು. ಅದನ್ನು ಓದುತ್ತಾ ರಮಾಬಾಯಿಯವರು ತಮ್ಮನ್ನು ತಾವೇ ಶೋಧಿಸಿಕೊಂಡರು. ತಾವು ಕ್ರಿಸ್ತಮತವನ್ನು ಸೇರಿದ್ದರೂ ಕ್ರಿಸ್ತನನ್ನು ಇನ್ನೂ ಹೃದಯದಲ್ಲಿ ಸೇರಿಸಿಕೊಂಡಿಲ್ಲವೆಂದು ಕಂಡುಕೊಂಡರು. ಪಂಡಿತೆಯೆಂಬ ಬಿರುದು, ಲೋಕದ ಹೊಗಳಿಕೆ, ಮಾಡಿದ ಉಪಕಾರಗಳು ಇವೆಲ್ಲವನ್ನೂ ಬದಿಗಿಟ್ಟು, ಬರಿಗೈಯಿಂದ ಬಂದ ಪಾಪಿಯಾಗಿ ಕರ್ತನ ಪಾದಕ್ಕೆ ಬಂದರು. ಕಾಡಿನಲ್ಲಿ ಹುಟ್ಟಿದ ಆ ಪ್ರಶ್ನೆಗೆ ಆಗ ಉತ್ತರವು ದೊರೆಯಿತು.

ಪ್ರಿಯರೇ, ಇದು ನಮಗೂ ಸಂಬಂಧಪಟ್ಟ ಮಾತು. ನಮ್ಮಲ್ಲಿ ಅನೇಕರ ಅಜ್ಜಂದಿರು ಮನೆಮಂದಿಯ ಸಹಿತವಾಗಿ ಸಭೆಗೆ ಸೇರಿದವರು. ಅವರ ನಂಬಿಕೆಯ ನೆರಳಿನಲ್ಲಿ ನಾವು ಹುಟ್ಟಿ ಬೆಳೆದೆವು. ನಮ್ಮ ಹೆಸರು ಸಭೆಯ ಪುಸ್ತಕದಲ್ಲಿದೆ. ಅದು ದೊಡ್ಡ ಆಶೀರ್ವಾದವೇ ಸರಿ, ಆದರೆ ಅದೇ ಸಾಕೆಂದುಕೊಂಡರೆ ಮೋಸಹೋಗುವೆವು. ಉಪವಾಸದಿಂದ ಪುಣ್ಯವನ್ನು ಸಂಪಾದಿಸಬಹುದೆಂಬ ಹಳೆಯ ಎಣಿಕೆಯು ಶ್ರಮಕಾಲದ ಹೆಸರಿನಲ್ಲಿ ಪುನಃ ನಮ್ಮ ಮನೆಯೊಳಗೆ ನುಸುಳಬಹುದು. ಉಪವಾಸವು ದೇವರಿಗೆ ಕೊಡುವ ಬೆಲೆಯಲ್ಲ. ಆತನಿಗೆ ಸ್ಥಳವಾಗುವಂತೆ ಮನೆಯನ್ನು ಗುಡಿಸುವ ಕೆಲಸವದು.

ಹೃದಯವು ಬದಲಾದದ್ದು ಅವರ ಕೈಕಾಲುಗಳಲ್ಲಿ ಕಾಣಿಸಿತು. ಅವರು ಯಾರನ್ನೂ ಬಲವಂತ ಮಾಡಲಿಲ್ಲ; ಆದರೆ ತಾವು ಪ್ರಾರ್ಥಿಸುವ ಕೋಣೆಯ ಬಾಗಿಲನ್ನು ಮುಚ್ಚಲೂ ಇಲ್ಲ. ಹುಡುಗಿಯರು ತಾವಾಗಿಯೇ ಬಂದು ಕೂತುಕೊಳ್ಳತೊಡಗಿದರು. ಇದರಿಂದ 1893ರಲ್ಲಿ ದೊಡ್ಡ ಗಲಭೆಯೆದ್ದು, ಮೊದಲು ಅವರನ್ನು ಹೊಗಳಿದವರೇ ದೂರವಾದರು. ಅನೇಕರು ತಮ್ಮ ಹುಡುಗಿಯರನ್ನು ಶಾಲೆಯಿಂದ ಬಿಡಿಸಿಕೊಂಡು ಹೋದರು. ಅವರು ಧೈರ್ಯಗೆಡಲಿಲ್ಲ. 1896-97ರಲ್ಲಿ ಮಧ್ಯಪ್ರಾಂತ್ಯದಲ್ಲಿ ಕ್ಷಾಮವು ಬಂದಾಗ ತಾವು ಹಸಿದ ದಿನಗಳನ್ನು ನೆನೆದು ಅಲ್ಲಿಗೆ ಹೋಗಿ, ಬಾಲವಿಧವೆಯರೂ ಅನಾಥರೂ ಆದ ಸುಮಾರು 300 ಹುಡುಗಿಯರನ್ನು ಕರೆತಂದರು. ಪುಣೆಯ ಆಚೆ ಕೇಡಗಾಂವ್ ಎಂಬಲ್ಲಿ ಕೊಂಡಿದ್ದ ಹೊಲದಲ್ಲಿ ಅವರಿಗೆ ನೆಲೆಯಾಯಿತು. ಅದಕ್ಕೆ ಮುಕ್ತಿ ಎಂದು ಹೆಸರಿಟ್ಟರು. 1900ರ ಹೊತ್ತಿಗೆ ಅಲ್ಲಿ ಸುಮಾರು 1,500 ಮಂದಿ ಇದ್ದರು. ಓದುಬರಹ, ನೇಯ್ಗೆ, ಬೇಸಾಯ, ಅಚ್ಚಿನ ಕೆಲಸ ಇವುಗಳನ್ನು ಕಲಿತು ಅವರು ತಮ್ಮ ಕೈಯಿಂದಲೇ ದುಡಿಯುವವರಾದರು. ಮುಂದೆ ಮಗಳ ಸಂಗಡ ಕಲಬುರಗಿಯಲ್ಲಿಯೂ ಶಾಲೆಯನ್ನು ತೆರೆದು, ಹುಟ್ಟಿದ ನಾಡಿನ ಋಣವನ್ನು ತೀರಿಸಿದರು.

ಇಷ್ಟು ಜನರಿಗೆ ಅನ್ನ ಬಟ್ಟೆ ದೊರೆತರೆ ಸಾಕೆಂದು ಅವರು ಸುಮ್ಮನಿರಲಿಲ್ಲ. ತಾನು ಎಂಟು ವರ್ಷ ಹೊರಗೇ ನಿಂತಿದ್ದ ಹಾಗೆ ಈ ಹುಡುಗಿಯರೂ ನಿಲ್ಲಬಾರದೆಂಬ ಚಿಂತೆಯು ಅವರಿಗಿತ್ತು. 1905ರ ಜನವರಿಯಲ್ಲಿ, ಪವಿತ್ರಾತ್ಮನ ಕೃಪೆಗಾಗಿ ದಿನಾಲು ಕೂಡಿ ಪ್ರಾರ್ಥಿಸುವದಕ್ಕೆ ಯಾರು ಬರುವಿರಿ ಎಂದು ವಿಚಾರಿಸಿದರು. 70 ಮಂದಿ ಮುಂದೆ ಬಂದರು. ತಿಂಗಳುಗಳು ಕಳೆದವು, ವಿಶೇಷವೇನೂ ಕಾಣಲಿಲ್ಲ, ಆದರೂ ಪ್ರಾರ್ಥನೆಯು ನಿಲ್ಲಲಿಲ್ಲ. ಬರುವವರ ಸಂಖ್ಯೆಯು 550ಕ್ಕೆ ಏರಿ, ದಿನಕ್ಕೆ ಎರಡಾವರ್ತಿ ಕೂಡುವಂತಾಯಿತು. ಜೂನ್ ತಿಂಗಳ ಕೊನೆಯಲ್ಲಿ ಆ ಹುಡುಗಿಯರ ನಡುವೆ ಮಹಾ ಪಶ್ಚಾತ್ತಾಪವುಂಟಾಯಿತು. ಅವರು ಕಣ್ಣೀರಿನಿಂದ ತಮ್ಮ ಪಾಪಗಳನ್ನು ಅರಿಕೆಮಾಡಿ ಕ್ಷಮೆಯ ಸಂತೋಷವನ್ನು ಕಂಡರು. ಬಳಿಕ ಗುಂಪು ಗುಂಪಾಗಿ ಸುತ್ತಲಿನ ಹಳ್ಳಿಗಳಿಗೆ ಸುವಾರ್ತೆಯನ್ನು ಸಾರುವದಕ್ಕೆ ಹೊರಟರು.

ಈ ಆರು ತಿಂಗಳುಗಳ ಕಾದಿರುವಿಕೆಯು ಬೇಸಾಯಗಾರರಾದ ನಮಗೆ ಸುಲಭವಾಗಿ ತಿಳಿಯತಕ್ಕದ್ದು. ಕಳವಾರದ ದುರ್ಗದ ಕೆಳಗಿನ ಹೊಲಗಳನ್ನು ನೋಡಿರಿ. ರೈತನು ರಾಗಿಯ ಬಿತ್ತನೆಗೆ ಎಷ್ಟೋ ಮುಂಚೆಯೇ ಮಾಗಿ ಉಳುಮೆ ಮಾಡುವನು, ಗೊಬ್ಬರವನ್ನು ಹೊಡೆಯುವನು, ಬದುವನ್ನು ಕಟ್ಟುವನು. ಮಳೆಯನ್ನು ತರುವದು ಅವನ ಕೈಯಲ್ಲಿಲ್ಲ. ಆದರೆ ಉಳದೆ ಗಟ್ಟಿಯಾದ ನೆಲದ ಮೇಲೆ ಬಿದ್ದ ಮಳೆಯು ಹರಿದುಹೋಗುವದು. ಉತ್ತ ನೆಲವು ಅದನ್ನು ಕುಡಿಯುವದು. ಕೃಪೆಯು ದೇವರದು, ಹೃದಯವನ್ನು ಉಳುವ ಕೆಲಸವು ನಮ್ಮದು. ಆ ಕೆಲಸಕ್ಕೂ ಆತನೇ ಬಲವನ್ನು ಕೊಡುವನು.

ಕೊನೆಯ ವರ್ಷಗಳಲ್ಲಿ ರಮಾಬಾಯಿಯವರು ಇಬ್ರಿಯ, ಗ್ರೀಕ್ ಭಾಷೆಗಳನ್ನು ಕಲಿತು, ಓದು ಬಾರದ ಹೆಂಗಸರು ಕೇಳಿದರೂ ತಿಳಿಯುವಂಥ ಸರಳವಾದ ಮರಾಠಿಗೆ ಸತ್ಯವೇದವನ್ನು ತರ್ಜುಮೆ ಮಾಡಿದರು. ಮುಕ್ತಿಯ ಹುಡುಗಿಯರೇ ಅದರ ಅಚ್ಚುಮೊಳೆಗಳನ್ನು ಜೋಡಿಸಿದರು. 1921ರ ಜುಲೈಯಲ್ಲಿ, ತಮ್ಮ ನಂತರ ಕೆಲಸವನ್ನು ನಡಿಸುವಳೆಂದು ನಂಬಿದ್ದ ಮನೋರಮಾಬಾಯಿಯೇ ತೀರಿಕೊಂಡಳು. ಕಿವಿ ಕೇಳಿಸದು, ದೇಹದಲ್ಲಿ ಬಲವಿಲ್ಲ, ಇದ್ದ ಒಬ್ಬಳು ಮಗಳೂ ಇಲ್ಲ. ಆದರೂ ಆ ತಾಯಿಯು ದೇವರ ಮೇಲೆ ಗುಣುಗುಟ್ಟದೆ ತರ್ಜುಮೆಯನ್ನು ತಿದ್ದುವ ಕೆಲಸದಲ್ಲಿ ನಿರತರಾದರು. ಅದು ಮುಗಿದ ಸ್ವಲ್ಪ ಕಾಲದಲ್ಲಿಯೇ, 1922ನೆಯ ಇಸವಿ ಏಪ್ರಿಲ್ 5ರಂದು, ತಮ್ಮ 63ನೆಯ ವಯಸ್ಸಿನಲ್ಲಿ ವಿಶ್ರಾಂತಿಗೆ ಸೇರಿದರು. ಆ ವರ್ಷ ಪುನರುತ್ಥಾನದ ಹಬ್ಬವು ಏಪ್ರಿಲ್ 16ರಂದು ಬಂತು. ಹಬ್ಬಕ್ಕೆ ಇನ್ನು ಹನ್ನೊಂದೇ ದಿನಗಳಿದ್ದವು. ಸಿದ್ಧವಾಗಿದ್ದ ಹೃದಯಕ್ಕೆ ಆ ಕರೆಯು ಅಕಾಲದಲ್ಲಿ ಬರಲಿಲ್ಲ. ಅಮೆರಿಕದ ಎಪಿಸ್ಕೋಪಲ್ ಸಭೆಯವರು ಏಪ್ರಿಲ್ 5ರಂದು ಅವರನ್ನು ಸ್ಮರಿಸಿದ್ದುಂಟು.

ನಾವು ಮಾಡತಕ್ಕದ್ದೇನು? ದೂರಕ್ಕೆ ಹೋಗಬೇಕಾಗಿಲ್ಲ. ಸಾಯಂಕಾಲ ದೀಪ ಹಚ್ಚಿದ ಮೇಲೆ ಮನೆಯವರೆಲ್ಲರೂ ಕೂತು ಕರ್ತನ ಶ್ರಮೆಯ ಚರಿತ್ರೆಯನ್ನು ಸ್ವಲ್ಪ ಸ್ವಲ್ಪವಾಗಿ ಓದೋಣ. ಓದುಬಾರದ ಹಿರಿಯರಿಗೆ ಮಕ್ಕಳು ಓದಿ ಹೇಳಲಿ. ಬದುವಿನ ವಿಷಯವಾಗಲಿ ನೀರಿನ ವಿಷಯವಾಗಲಿ ನೆರೆಯವನ ಸಂಗಡ ಮಾತು ಬಿಟ್ಟಿದ್ದರೆ, ಹಬ್ಬದ ರಾತ್ರಿಭೋಜನಕ್ಕೆ ಬರುವ ಮುಂಚೆ ಅವನ ಬಾಗಿಲಿಗೆ ಹೋಗೋಣ. ಬಿಟ್ಟ ಊಟದ ರಾಗಿಯನ್ನು ಡಬ್ಬಿಯಲ್ಲಿಯೇ ಇಟ್ಟುಕೊಳ್ಳದೆ ಹಸಿದ ಮನೆಗೆ ಮುಟ್ಟಿಸೋಣ. ಎಲ್ಲಕ್ಕೂ ಮೊದಲು, ಕರ್ತನು ನನ್ನ ಮನೆಯ ದೇವರು ಮಾತ್ರವೋ ಅಥವಾ ನನ್ನ ಹೃದಯದ ರಕ್ಷಕನೋ ಎಂದು ಏಕಾಂತದಲ್ಲಿ ಒಬ್ಬೊಬ್ಬರೂ ವಿಚಾರಿಸಿಕೊಳ್ಳೋಣ. ಗಂಗಾಮೂಲದ ಕಾಡಿನ ಆ ಮಗುವನ್ನು ಬಹು ದೂರ ನಡಿಸಿ ಕೊನೆಗೆ ಸಮಾಧಾನಕ್ಕೆ ತಂದ ದೇವರು ನಮ್ಮ ಸಭೆಗಳ ಹೃದಯಗಳನ್ನೂ ಸಿದ್ಧಮಾಡಲಿ.