ಎಮಿಲ್ ಕ್ರೇಪೆಲಿನ್: ರೋಗದ ನಡೆಯನ್ನು ಓದಿದ ವೈದ್ಯ

ಮನೋವೈದ್ಯಶಾಸ್ತ್ರಕ್ಕೆ ಇಂದಿನ ರೂಪವನ್ನು ಕೊಟ್ಟವರಲ್ಲಿ ಎಮಿಲ್ ಕ್ರೇಪೆಲಿನ್ ಅಗ್ರಗಣ್ಯರು. ಅವರು 1856ರ ಫೆಬ್ರುವರಿ 15ರಂದು ಉತ್ತರ ಜರ್ಮನಿಯ ನಾಯ್‌ಸ್ಟ್ರೆಲಿಟ್ಸ್ ಪಟ್ಟಣದಲ್ಲಿ ಜನಿಸಿದರು. ಸಿಗ್ಮಂಡ್ ಫ್ರಾಯ್ಡ್ ಹುಟ್ಟಿದ ವರ್ಷವೂ ಅದೇ. ಫ್ರಾಯ್ಡರ ಹೆಸರು ಸಾಹಿತ್ಯ ವಿಮರ್ಶೆಯ ಮೂಲಕ ನಮ್ಮ ತರಗತಿಗಳಿಗೂ ಬಂದಿದೆ. ಕ್ರೇಪೆಲಿನ್ನರ ಹೆಸರು ಅಷ್ಟಾಗಿ ಬಂದಿಲ್ಲವಾದರೂ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಹೆಚ್ಚು ಬಳಕೆಯಲ್ಲಿರುವುದು ಅವರ ಆಲೋಚನೆಯೇ.

ಅಣ್ಣ ಕಾರ್ಲ್ ಜೀವಶಾಸ್ತ್ರಜ್ಞ. ಸಸ್ಯಗಳನ್ನು ಗುರುತಿಸಿ ವರ್ಗೀಕರಿಸುವ ಅಭಿರುಚಿ ತಮ್ಮನಿಗೂ ಅಂಟಿತು. ವೈದ್ಯಕೀಯ ವ್ಯಾಸಂಗದ ಕಾಲದಲ್ಲಿ ವಿಲ್ಹೆಲ್ಮ್ ವುಂಟರ ಪ್ರಾಯೋಗಿಕ ಮನಶ್ಶಾಸ್ತ್ರ ಅವರನ್ನು ಸೆಳೆಯಿತು. 1883ರಲ್ಲಿ, ಇಪ್ಪತ್ತೇಳರ ವಯಸ್ಸಿನಲ್ಲಿ, ಮನೋವೈದ್ಯಶಾಸ್ತ್ರದ ಕಿರುಗ್ರಂಥವೊಂದನ್ನು ಪ್ರಕಟಿಸಿದರು. ಜೀವನದುದ್ದಕ್ಕೂ ತಿದ್ದುತ್ತ, ಹಿಗ್ಗಿಸುತ್ತ ಹೋದ ಆ ಪುಸ್ತಕವು ಎಂಟನೆಯ ಆವೃತ್ತಿಯ ವೇಳೆಗೆ ನಾಲ್ಕು ಸಂಪುಟಗಳಾಗಿ ಬೆಳೆದಿತ್ತು.

1886ರಲ್ಲಿ ಅವರು ಡೋರ್ಪಾಟ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು. ಇಂದು ಎಸ್ಟೋನಿಯಾದಲ್ಲಿರುವ ಆ ಊರಿನಲ್ಲಿ ವೈದ್ಯರ ಭಾಷೆ ಒಂದು, ಬಹುಪಾಲು ರೋಗಿಗಳ ಭಾಷೆ ಇನ್ನೊಂದು. ಮನಸ್ಸಿನ ನೋವನ್ನು ದುಭಾಷಿಗಳ ಮೂಲಕ ಕೇಳಬೇಕಾದ ಸ್ಥಿತಿ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಔಷಧದ ಚೀಟಿಯಲ್ಲಿ ಇಂಗ್ಲಿಷ್ ಎಂಬ ಬದುಕಿನಲ್ಲಿ ಬೆಳೆದ ಸೇಲಂ, ಧರ್ಮಪುರಿ ಜಿಲ್ಲೆಗಳ ಕನ್ನಡಿಗರಿಗೆ ಈ ಕಷ್ಟವನ್ನು ವಿವರಿಸಬೇಕಾಗಿಲ್ಲ.

1891ರಲ್ಲಿ ಹೈಡೆಲ್‌ಬರ್ಗಿಗೆ ಬಂದ ಮೇಲೆ ಅವರ ಮುಖ್ಯ ಕಾರ್ಯ ಆರಂಭವಾಯಿತು. ಪ್ರತಿ ರೋಗಿಗೂ ಒಂದೊಂದು ಚೀಟಿ ಮಾಡಿ, ರೋಗ ತೊಡಗಿದ ವಯಸ್ಸು, ಲಕ್ಷಣ, ಚೇತರಿಕೆ, ಮರುಕಳಿಕೆಗಳನ್ನು ವರ್ಷಗಟ್ಟಲೆ ಬರೆದಿಟ್ಟರು. ಒಂದು ದಿನ ಕಂಡ ಮುಖವನ್ನು ನೋಡಿ ರೋಗಕ್ಕೆ ಹೆಸರಿಡಲಾಗದು, ಅದರ ನಡೆಯನ್ನೂ ಮುಕ್ತಾಯವನ್ನೂ ನೋಡಬೇಕೆಂಬುದು ಈ ಚೀಟಿಗಳು ಕಲಿಸಿದ ಪಾಠ. 1899ರ ಆರನೆಯ ಆವೃತ್ತಿಯಲ್ಲಿ ಅವರು ಮನೋರೋಗಗಳ ನಡುವೆ ಒಂದು ದೊಡ್ಡ ಗೆರೆಯನ್ನು ಎಳೆದರು. ಬುದ್ಧಿಶಕ್ತಿಯನ್ನು ಕ್ರಮೇಣ ಕುಗ್ಗಿಸುವುದೆಂದು ಅವರು ಭಾವಿಸಿದ ರೋಗ ಒಂದು ಕಡೆ. ಇಂದು ನಾವು ಅದನ್ನು ಸ್ಕಿಜೋಫ್ರೇನಿಯಾ ಎನ್ನುತ್ತೇವೆ. ಬಂದು ಹೋಗುತ್ತ, ನಡುನಡುವೆ ಮನುಷ್ಯನನ್ನು ಮೊದಲಿನಂತೆಯೇ ಬಿಟ್ಟುಕೊಡುವ ಉನ್ಮಾದ–ಖಿನ್ನತೆಯ ರೋಗ ಮತ್ತೊಂದು ಕಡೆ. ಉನ್ಮಾದವೂ ಖಿನ್ನತೆಯೂ ಬೆರೆತು ಬರುವ ಮಿಶ್ರಸ್ಥಿತಿಗಳನ್ನೂ ಅವರು ಗುರುತಿಸಿದರು.

ಆದರೆ ಖಿನ್ನತೆ ಮಾತ್ರ ಮರುಕಳಿಸುವವರನ್ನೂ, ಖಿನ್ನತೆ ಉನ್ಮಾದಗಳೆರಡನ್ನೂ ಕಂಡವರನ್ನೂ ಅವರು ಒಂದೇ ಮನೆಯಲ್ಲಿ ಇರಿಸಿದರು. ಈ ಮನೆಯನ್ನು ಎರಡು ಮಾಡಿದ್ದು ಮುಂದಿನ ಪೀಳಿಗೆ. 1957ರಲ್ಲಿ ಕಾರ್ಲ್ ಲಿಯೋನ್‌ಹಾರ್ಡ್ ಏಕಧ್ರುವ, ದ್ವಿಧ್ರುವ ಎಂಬ ಭೇದವನ್ನು ಮಂಡಿಸಿದರು. 1966ರಲ್ಲಿ ಜೂಲ್ಸ್ ಆಂಗ್ಸ್ಟ್ ಮತ್ತು ಕಾರ್ಲೋ ಪೆರಿಸ್ ಬೇರೆ ಬೇರೆಯಾಗಿ ನಡೆಸಿದ ಅಧ್ಯಯನಗಳು ಅದಕ್ಕೆ ಬಲ ಕೊಟ್ಟವು. ವಿಶೇಷವೆಂದರೆ, ಕ್ರೇಪೆಲಿನ್ನರ ವಿಭಾಗವನ್ನು ತಿದ್ದಲು ನೆರವಾದುದು ರೋಗದ ನಡೆಯನ್ನು ದೀರ್ಘಕಾಲ ಗಮನಿಸುವ ಅವರದೇ ವಿಧಾನ.

ಈ ಭೇದ ಕೇವಲ ಹೆಸರಿನದಲ್ಲ. ಖಿನ್ನತೆಯಲ್ಲಿ ಮುಳುಗಿರುವಾಗ ಎರಡು ಬಗೆಯ ರೋಗಿಗಳೂ ಹೆಚ್ಚುಕಡಿಮೆ ಒಂದೇ ರೀತಿ ಕಾಣುತ್ತಾರೆ. ಆದರೆ ದ್ವಿಧ್ರುವ ವ್ಯಾಧಿಯುಳ್ಳವರಿಗೆ ಖಿನ್ನತೆ ನಿವಾರಕ ಗುಳಿಗೆಯನ್ನಷ್ಟೇ ಕೊಟ್ಟರೆ ಕೆಲವರಲ್ಲಿ ಅದು ಉನ್ಮಾದವನ್ನು ಎಬ್ಬಿಸಬಹುದು. ಅವರಿಗೆ ಬೇಕಾದುದು ಮನಃಸ್ಥಿತಿಯನ್ನು ಸ್ಥಿರಗೊಳಿಸುವ ಔಷಧ. 1949ರಲ್ಲಿ ಆಸ್ಟ್ರೇಲಿಯದ ಜಾನ್ ಕೇಡ್ ಉನ್ಮಾದದ ಚಿಕಿತ್ಸೆಯಲ್ಲಿ ಬಳಸಿ ವರದಿ ಮಾಡಿದ ಲಿಥಿಯಂ ಅವುಗಳಲ್ಲೊಂದು. ಆದ್ದರಿಂದ ವೈದ್ಯರು ಹಿಂದಿನದನ್ನು ಕೇಳುತ್ತಾರೆ. ನಿದ್ದೆ ಕಡಿಮೆಯಾದರೂ ದಣಿವಿಲ್ಲದ ದಿನಗಳಿದ್ದವೆ? ಮಾತು, ಖರ್ಚು, ಸಿಡುಕು, ಧೈರ್ಯ ಅಳತೆ ಮೀರಿದ್ದುಂಟೆ? ವಂಶದಲ್ಲಿ ಯಾರಿಗಾದರೂ ಹೀಗಾಗಿತ್ತೆ? ಖಿನ್ನತೆ ಚಿಕ್ಕ ವಯಸ್ಸಿನಲ್ಲೇ, ಅಥವಾ ಹೆರಿಗೆಯ ಬೆನ್ನಲ್ಲೇ ಬಂದಿತೆ? ರೋಗಿ ಆ ಉತ್ಸಾಹದ ದಿನಗಳನ್ನು ರೋಗವೆಂದು ಎಣಿಸುವುದಿಲ್ಲ, ತಾನು ಚೆನ್ನಾಗಿದ್ದ ಕಾಲವೆಂದೇ ನೆನೆಯುತ್ತಾನೆ. ನೆನಪಿಟ್ಟು ಹೇಳಬೇಕಾದವರು ಮನೆಯವರು.

ಕ್ರೇಪೆಲಿನ್ 1903ರಲ್ಲಿ ಮ್ಯೂನಿಕ್‌ಗೆ ತೆರಳಿದರು. ಮನೋರೋಗಗಳು ಅನ್ಯ ಜನಾಂಗಗಳಲ್ಲಿ ಹೇಗಿರುತ್ತವೆಂದು ತಿಳಿಯಲು ಜಾವಾ ದ್ವೀಪಕ್ಕೂ ಹೋಗಿಬಂದರು. ಸಹೋದ್ಯೋಗಿ ಅಲ್ಜೈಮರ್ ವರ್ಣಿಸಿದ ವ್ಯಾಧಿಗೆ ಆ ಹೆಸರನ್ನು 1910ರಲ್ಲಿ ತಮ್ಮ ಗ್ರಂಥದ ಮೂಲಕ ಕೊಟ್ಟವರೂ ಅವರೇ. 1917ರಲ್ಲಿ ಮನೋವೈದ್ಯಕೀಯ ಸಂಶೋಧನ ಸಂಸ್ಥೆಯೊಂದನ್ನು ಸ್ಥಾಪಿಸಿದರು. ಮದ್ಯಪಾನದ ಕಟ್ಟಾ ವಿರೋಧಿಯಾಗಿದ್ದರು. ಅವರ ಜೀವನದಲ್ಲಿ ಕಪ್ಪು ನೆರಳೂ ಇದೆ. ವಂಶ ಕ್ಷೀಣಿಸುತ್ತಿದೆಯೆಂಬ ಆ ಕಾಲದ ಕಲ್ಪನೆಯನ್ನು ಅವರೂ ನಂಬಿದ್ದರು. ಅವರ ಶಿಷ್ಯ ಅರ್ನ್ಸ್ಟ್ ರ‍್ಯೂಡಿನ್ ಮುಂದೆ ನಾಜಿ ಸರ್ಕಾರದ ಬಲವಂತದ ಸಂತಾನಹರಣ ಕಾಯಿದೆಗೆ ಬೆಂಬಲವಾಗಿ ನಿಂತರು. ವರ್ಗೀಕರಣವು ಮನುಷ್ಯನನ್ನು ಮರೆತರೆ ಎಲ್ಲಿಗೆ ಮುಟ್ಟಬಹುದೆಂಬುದಕ್ಕೆ ಇದು ಎಚ್ಚರಿಕೆ. 1926ರ ಅಕ್ಟೋಬರ್ 7ರಂದು, ಎಪ್ಪತ್ತರ ವಯಸ್ಸಿನಲ್ಲಿ, ಮ್ಯೂನಿಕ್ಕಿನಲ್ಲಿ ಅವರು ನಿಧನರಾದರು.

ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. ಡಾ. ಎಂ. ವಿ. ಗೋವಿಂದಸ್ವಾಮಿ ಅದರ ಮೊದಲ ನಿರ್ದೇಶಕರು. 1974ರಲ್ಲಿ ಅದು ನಿಮ್ಹಾನ್ಸ್ ಆಯಿತು. ಅದಿರುವುದು ಹೊಸೂರು ರಸ್ತೆಯಲ್ಲಿ, ಎಂದರೆ ನಮ್ಮ ಜಿಲ್ಲೆಗಳಿಂದ ಬೆಂಗಳೂರಿಗೆ ಹೋಗುವ ಹಾದಿಯಲ್ಲೇ. ಅಷ್ಟು ದೂರ ಹೋಗಲಾಗದವರಿಗೆ 14416 ಎಂಬ ಟೆಲಿ ಮಾನಸ್ ಸಹಾಯವಾಣಿ ಹಗಲಿರುಳೂ ಉಚಿತವಾಗಿ ಲಭ್ಯ. ಕನ್ನಡದಲ್ಲಿಯೂ ತಮಿಳಿನಲ್ಲಿಯೂ ಮಾತನಾಡಬಹುದು.

ಕನ್ನಡವನ್ನು ಓದುವ ನಮ್ಮ ವಿದ್ಯಾರ್ಥಿಗಳಿಗೆ ಇಲ್ಲೊಂದು ಕೆಲಸವಿದೆ. ಮನೆಯ ಹಿರಿಯರು ಬೇಸರ, ಮಂಕು, ಹುಮ್ಮಸ್ಸು, ತಲೆ ನಿಲ್ಲದು ಎಂದು ಕನ್ನಡದಲ್ಲಿ ಆಡುವ ಮಾತುಗಳನ್ನು ಬಂದ ಕಾಲದೊಂದಿಗೆ ಬರೆದಿಟ್ಟು, ವೈದ್ಯರಿಗೆ ಅವರು ಬಲ್ಲ ಭಾಷೆಯಲ್ಲಿ ತಪ್ಪಿಲ್ಲದೆ ತಲುಪಿಸಬಲ್ಲವರು ಇವರೇ. ಡೋರ್ಪಾಟಿನಲ್ಲಿ ಕ್ರೇಪೆಲಿನ್ನರಿಗೆ ಬೇಕಾಗಿದ್ದವರೂ ಇಂಥವರೇ.