ರಾಜಾ ರವಿವರ್ಮ

ರಾಜಾ ರವಿವರ್ಮ (೨೯ ಏಪ್ರಿಲ್ ೧೮೪೮ – ೨ ಅಕ್ಟೋಬರ್ ೧೯೦೬) ತಿರುವಾಂಕೂರು ಸಂಸ್ಥಾನದ ಪ್ರಸಿದ್ಧ ಚಿತ್ರಕಲಾವಿದರು. ಭಾರತದ ಪುರಾಣಪ್ರಸಂಗಗಳನ್ನು ಐರೋಪ್ಯ ತೈಲವರ್ಣ ಪದ್ಧತಿಯಲ್ಲಿ ಚಿತ್ರಿಸಿ ಹೆಸರಾದವರು. ಅವರು ಯಾವ ಕಲಾಶಾಲೆಯಲ್ಲಿಯೂ ಕಲಿತವರಲ್ಲ. ಅವರ ಶಿಕ್ಷಣವು ಮನೆಯಲ್ಲಿ ಆರಂಭವಾಗಿ ಅರಮನೆಯಲ್ಲಿ ಮುಂದುವರಿಯಿತು. ಅದರ ಬಹುಭಾಗ ನೋಡಿ ಕಲಿತದ್ದು.

ಬಾಲ್ಯ

ರವಿವರ್ಮರು ಕಿಳಿಮಾನೂರಿನ ಅರಮನೆಯಲ್ಲಿ ಜನಿಸಿದರು. ತಾಯಿ ಉಮಾ ಅಂಬಾಬಾಯಿ, ತಂದೆ ನೀಲಕಂಠನ್ ಭಟ್ಟತಿರಿಪಾಡ್. ಬಾಲಕನ ಚಿತ್ರಾಸಕ್ತಿಯನ್ನು ಗುರುತಿಸಿ ಮೊದಲ ಪಾಠ ಹೇಳಿದವರು ಸೋದರಮಾವ ರಾಜರಾಜವರ್ಮ. ಅವರು ಸ್ವತಃ ತಂಜಾವೂರು ಶೈಲಿಯಲ್ಲಿ ಚಿತ್ರ ಬರೆಯುತ್ತಿದ್ದರು. ೧೮೬೨ರಲ್ಲಿ, ಹದಿನಾಲ್ಕರ ಹರೆಯದ ಸೋದರಳಿಯನನ್ನು ಅವರು ತಿರುವನಂತಪುರಕ್ಕೆ ಕರೆದೊಯ್ದರು. ಮಹಾರಾಜ ಆಯಿಲ್ಯಂ ತಿರುನಾಳ್ ಬಾಲಕನಿಗೆ ಆಶ್ರಯವಿತ್ತರು.

ಜಲವರ್ಣ ಮತ್ತು ತೈಲವರ್ಣದ ಕಲಿಕೆ

ಆಸ್ಥಾನ ಕಲಾವಿದರಾಗಿದ್ದ ರಾಮಸ್ವಾಮಿ ನಾಯ್ಡು ಅವರಿಂದ ರವಿವರ್ಮರು ಜಲವರ್ಣವನ್ನು ಅಭ್ಯಸಿಸಿದರು. ಜಲವರ್ಣ ಬೇಗ ಒಣಗುತ್ತದೆ. ಒಮ್ಮೆ ಬಿದ್ದ ಗೆರೆಯನ್ನು ತಿದ್ದುವುದು ಕಷ್ಟ. ಆದ್ದರಿಂದ ಕೈಗೆ ಖಚಿತತೆ ಬರುತ್ತದೆ. ತೈಲವರ್ಣ ನಿಧಾನವಾಗಿ ಒಣಗುವುದರಿಂದ ಒಂದು ಬಣ್ಣವನ್ನು ಇನ್ನೊಂದರಲ್ಲಿ ಬೆರೆಸಲು, ಪದರದ ಮೇಲೆ ಪದರ ಹಾಕಲು ಸಾಧ್ಯ. ಮೈಬಣ್ಣದ ಹೊಳಪು, ರೇಷ್ಮೆಯ ನೆರಿಗೆ, ಒಡವೆಯ ಮಿನುಗು ಅದರಲ್ಲಿ ಸಹಜವಾಗಿ ಮೂಡುತ್ತವೆ. ಆಗ ಈ ವಿದ್ಯೆಯನ್ನು ಬಲ್ಲವರು ವಿರಳವಾಗಿದ್ದು, ಅದನ್ನು ಇತರರಿಗೆ ಬಿಟ್ಟುಕೊಡುತ್ತಿರಲಿಲ್ಲ. ನಾಯ್ಡು ಅವರೂ ತೈಲವರ್ಣದ ಮರ್ಮವನ್ನು ಹೇಳಿಕೊಡಲು ಒಪ್ಪಲಿಲ್ಲ. ಅವರ ಶಿಷ್ಯ ಆರುಮುಗಂ ಪಿಳ್ಳೆ ಗುಟ್ಟಾಗಿ ನೆರವಾದರೆಂದು ಜೀವನಚರಿತ್ರಕಾರರು ಬರೆದಿದ್ದಾರೆ.

೧೮೬೮ರಲ್ಲಿ ಭಾವಚಿತ್ರಕಾರ ಥಿಯೊಡೋರ್ ಜೆನ್ಸನ್ ರಾಜಕುಟುಂಬದವರ ಚಿತ್ರಗಳನ್ನು ಬರೆಯಲು ತಿರುವನಂತಪುರಕ್ಕೆ ಬಂದರು. ಅವರೂ ಪಾಠ ಹೇಳಲು ಮನಸ್ಸು ಮಾಡಲಿಲ್ಲ. ತಾವು ಕೆಲಸ ಮಾಡುವಾಗ ನೋಡಲು ಮಾತ್ರ ಅವಕಾಶ ಕೊಟ್ಟರು. ಬಣ್ಣ ಬೆರೆಸುವ ಕ್ರಮವನ್ನೂ ಕುಂಚದ ಚಲನೆಯನ್ನೂ ರವಿವರ್ಮರು ಕಣ್ಣಲ್ಲೇ ಗ್ರಹಿಸಿ, ಬಳಿಕ ಏಕಾಂತದಲ್ಲಿ ಮತ್ತೆ ಮತ್ತೆ ಪ್ರಯೋಗಿಸಿ ಆ ವಿದ್ಯೆಯನ್ನು ವಶಪಡಿಸಿಕೊಂಡರು.

ಖ್ಯಾತಿ

ಜೆನ್ಸನ್ ಬಂದುಹೋದ ಐದೇ ವರ್ಷಗಳಲ್ಲಿ ಇದರ ಫಲ ಕಾಣಿಸಿತು. ತಲೆಗೆ ಹೂಮುಡಿಯುವ ನಾಯರ್ ಸ್ತ್ರೀಯ ತೈಲಚಿತ್ರಕ್ಕೆ ೧೮೭೩ರ ಮದರಾಸು ಪ್ರದರ್ಶನದಲ್ಲಿ ಗವರ್ನರರ ಚಿನ್ನದ ಪದಕವೂ ವಿಯೆನ್ನಾ ಪ್ರದರ್ಶನದಲ್ಲಿ ಪ್ರಶಸ್ತಿಯೂ ದೊರೆತವು. ಶಕುಂತಲೆಯ ಪತ್ರಲೇಖನದ ಚಿತ್ರ ೧೮೭೬ರಲ್ಲಿ ಕೀರ್ತಿ ತಂದಿತು. ಬರೋಡಾದ ಸಯ್ಯಾಜಿರಾವ್ ಗಾಯಕವಾಡರಿಗಾಗಿ ಹದಿನಾಲ್ಕು ಪೌರಾಣಿಕ ಚಿತ್ರಗಳನ್ನು ಬರೆದರು. ೧೮೯೩ರ ಷಿಕಾಗೋ ಪ್ರದರ್ಶನದಲ್ಲಿಯೂ ಅವರ ಚಿತ್ರಗಳು ಪದಕ ಪಡೆದವು. ತಮ್ಮ ಸಿ. ರಾಜರಾಜವರ್ಮ ಈ ಕೆಲಸಗಳಲ್ಲಿ ಅವರ ಸಹಾಯಕರಾಗಿದ್ದರು.

ಅರಮನೆಗಳ ಚಿತ್ರಗಳು ಜನಸಾಮಾನ್ಯರಿಗೂ ದೊರೆಯಲೆಂದು ೧೮೯೪ರಲ್ಲಿ ಮುಂಬಯಿಯಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ಸ್ಥಾಪಿಸಿದರು. ಅಲ್ಲಿ ಅಚ್ಚಾದ ಲಕ್ಷ್ಮಿ, ಸರಸ್ವತಿಯರ ಚಿತ್ರಗಳು ದೇಶದ ಅಸಂಖ್ಯ ಮನೆಗಳ ದೇವರ ಗೂಡನ್ನು ಸೇರಿದವು. ಆದರೆ ಮುದ್ರಣಾಲಯ ನಷ್ಟಕ್ಕೀಡಾಗಿ, ಕೊನೆಗೆ ಜರ್ಮನ್ ತಂತ್ರಜ್ಞ ಫ್ರಿಟ್ಜ್ ಶ್ಲೈಶರ್ ಅವರಿಗೆ ಮಾರಾಟವಾಯಿತು. ಈ ಚಿತ್ರಗಳು ಪಾಶ್ಚಾತ್ಯ ಅನುಕರಣೆಯೆಂದು ಬಂಗಾಳ ಪಂಥದವರು ಆಕ್ಷೇಪಿಸಿದರು.

ಕರ್ನಾಟಕದ ನಂಟು

೧೮೭೦ರಲ್ಲಿ ರವಿವರ್ಮರು ಕೊಲ್ಲೂರಿನ ಮೂಕಾಂಬಿಕೆಯ ದರ್ಶನಕ್ಕೆ ಬಂದಿದ್ದರು. ವೃತ್ತಿಜೀವನದ ಆರಂಭವನ್ನು ಈ ಯಾತ್ರೆಯಿಂದ ಎಣಿಸುವುದುಂಟು. ಹಿಂದಿರುಗುವಾಗ ಕಲ್ಲಿಕೋಟೆಯಲ್ಲಿ ಸಂಭಾವನೆ ದೊರೆಯುವ ಮೊದಲ ಚಿತ್ರದ ಕೆಲಸ ಅವರಿಗೆ ಒದಗಿತು. ಮುಂದೆ ಮೈಸೂರಿನ ಒಡೆಯರೂ ಅವರಿಂದ ಚಿತ್ರಗಳನ್ನು ಬರೆಸಿದರು. ಮೈಸೂರಿನ ಜಗನ್ಮೋಹನ ಅರಮನೆಯ ಸಂಗ್ರಹದಲ್ಲಿ ಅವರ ತೈಲಚಿತ್ರಗಳಿವೆ.

ಅಂತ್ಯ ಮತ್ತು ಉತ್ತರಾಧಿಕಾರ

೧೯೦೪ರಲ್ಲಿ ಬ್ರಿಟಿಷ್ ಸರ್ಕಾರ ಅವರಿಗೆ ಕೈಸರ್-ಇ-ಹಿಂದ್ ಚಿನ್ನದ ಪದಕ ನೀಡಿತು. ಮರುವರ್ಷ ತಮ್ಮನ ಮರಣದಿಂದ ರವಿವರ್ಮರು ಕುಗ್ಗಿದರು. ೧೯೦೬ರಲ್ಲಿ ತಾವೂ ನಿಧನರಾದರು. ತಂದೆಗೆ ದೊರೆಯದ ಕ್ರಮಬದ್ಧ ಕಲಾಶಿಕ್ಷಣವನ್ನು ಮಗ ರಾಮವರ್ಮ ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಪಡೆದರು. ಅವರು ೧೯೧೫ರಲ್ಲಿ ಮಾವೇಲಿಕ್ಕರದಲ್ಲಿ ಚಿತ್ರಕಲಾ ಶಾಲೆಯೊಂದನ್ನು ತೆರೆದರು. ಅದು ಇಂದು ರಾಜಾ ರವಿವರ್ಮ ಲಲಿತಕಲಾ ಕಾಲೇಜು.